ದಕ್ಕೆಯ ಕಡೆಯ ಗೋಡೆ

ನಾರ್ವೆಯ ಟೆರ್ನೊಯ್ ದ್ವೀಪದಲ್ಲಿ ಮರದ ಮನೆಗಳಿಗೆ ಎರಡು ಬಣ್ಣ. ಜನ ನೋಡುವ ಕಡೆಗೆ ಬಿಳಿ, ತೆರೆದ ಕಡಲು ನೋಡುವ ಕಡೆಗೆ ಕೆಂಪು. ಬಿಳಿ ಬಣ್ಣ ದುಬಾರಿಯಾಗಿದ್ದ ಕಾಲದಲ್ಲಿ ಶುರುವಾದ ಪದ್ಧತಿ ಅದು. ಈಗ ಎರಡಕ್ಕೂ ಒಂದೇ ಬೆಲೆ, ಆದರೂ ಯಾರೂ ಬಿಟ್ಟಿಲ್ಲ. ಕಡಲಿಗೆ ಬಿಳಿ ತೋರಿಸಿ ಏನಾಗಬೇಕು, ಅದೇನು ನಿಂತು ಮೆಚ್ಚಿಕೊಂಡು ಹೋಗುತ್ತದೆಯೇ ಎಂಬುದು ಅಲ್ಲಿನವರ ವಾದ.

ಎಲಿಂಗ್ ಸ್ಕಾರ್ವಿಕ್‌ನ ಮನೆ, ಆಚೆ ದಡದ ಪೇಟೆಗೆ ಎದುರಾಗಿ ಫೆರಿ ನಿಲ್ಲುವ ದಕ್ಕೆಯ ಸರೀ ಮೇಲೆ, ದಿಬ್ಬದ ಮೇಲಿತ್ತು. ಆ ಫೆರಿಯಲ್ಲೇ ಅವನು ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದ. ಕಾರುಗಳನ್ನು ಸಾಲಾಗಿ ನಿಲ್ಲಿಸುವುದು, ಹಗ್ಗ ಎಸೆಯುವುದು, ಮುಂದಿನ ಬಾಗಿಲು ಇಳಿಸುವುದು ಅವನ ಕೆಲಸ. ದಿನಕ್ಕೆ ಎಂಟು ಸಲ ಫೆರಿ ದ್ವೀಪದ ಮೂಲೆ ತಿರುಗಿದಾಗ ಎಲ್ಲರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅವನ ಬಿಳಿ ಗೋಡೆ. ಹೊಸಬರು ಯಾರಾದರೂ "ಎಷ್ಟು ಚೆಂದದ ಮನೆ" ಎಂದರೆ ಎಲಿಂಗ್ ಹಗ್ಗ ಸುತ್ತುತ್ತಲೇ, ಅದು ಯಾರದೋ ಮನೆ ಎಂಬಂತೆ, "ಹೂಂ, ನಾನು ಹುಟ್ಟೋಕೆ ಮುಂಚಿನದು. ಒಂದು ಹಲಗೆ ಬದಲಾಯಿಸಿಲ್ಲ" ಎನ್ನುತ್ತಿದ್ದ. ಆಮೇಲೆ ಸ್ವಲ್ಪ ತಡೆದು, "ನಂದೇ ಅದು" ಎನ್ನುತ್ತಿದ್ದ.

ಎರಡು ಬೇಸಿಗೆಗೊಮ್ಮೆ ಅವನು ಆ ಗೋಡೆಗೆ ಬಣ್ಣ ಹಚ್ಚುತ್ತಿದ್ದ. ಹಳೆಯದನ್ನು ಕೆರೆದು ತೆಗೆಯುವ ಗೊಡವೆಗೆ ಹೋಗದೆ ಅದರ ಮೇಲೆಯೇ ಹೊಸದು ಬಳಿಯುತ್ತಿದ್ದ, ಅದೂ ಅಂಗಡಿಯಲ್ಲಿ ಸಿಗುವುದರಲ್ಲೇ ಅತ್ಯಂತ ಗಟ್ಟಿಯಾದದ್ದು. ಹೀಗೆ ಹದಿನೈದು ಪದರ ಕೂತಿತ್ತು. ಕಡಲ ಕಡೆಯ ಗೋಡೆಯ ವಿಷಯದಲ್ಲಿ ಮಾತ್ರ ಅವನಿಗೆ ಅಷ್ಟು ಕಾಳಜಿ ಇರಲಿಲ್ಲ. ಯಾವಾಗಲೋ ನೆನಪಾದಾಗ ಡಬ್ಬಿಯ ತಳದ ಕೆಂಪು ಬಳಿದು ಕೈತೊಳೆದುಕೊಳ್ಳುತ್ತಿದ್ದ.

ಇಂಥ ಮನೆಯನ್ನು ಬಿಟ್ಟು ಅವನ ಹೆಂಡತಿ ಆಸ್ಲೌಗ್ ಕಳೆದ ಅಕ್ಟೋಬರಿನಲ್ಲಿ ಹೊರಟುಹೋದಳು.

ಜಗಳವೇನೂ ಆಗಿರಲಿಲ್ಲ. ಟೆರ್ನೊಯ್‌ನಲ್ಲಿ ಜನ ಜಗಳ ಆಡುವುದಿಲ್ಲ, ಸುಮ್ಮನಾಗುತ್ತಾರೆ. ಪ್ರತಿ ವರ್ಷ ಚಳಿ ಶುರುವಾದಾಗ ಆಸ್ಲೌಗ್ "ಮಲಗೋ ಕೋಣೆ ಥಂಡಿ ಹಿಡಿದಿದೆ, ಒದ್ದೆ ಕಾಲುಚೀಲದ ವಾಸನೆ ಬರ್ತಿದೆ" ಎನ್ನುತ್ತಿದ್ದಳು. ಪ್ರತಿ ವರ್ಷ ಎಲಿಂಗ್ "ಈ ದ್ವೀಪದಲ್ಲೇ ಇಷ್ಟು ಒಣಗಿದ ಗೋಡೆ ಇನ್ನೊಂದಿಲ್ಲ, ಡಾಕ್ಟರಿಗೆ ನಿನ್ನ ಮೂಗು ತೋರಿಸ್ಕೋ ಹೋಗು" ಎನ್ನುತ್ತಿದ್ದ. ಹದಿನೈದು ವರ್ಷ ಹೀಗೇ ನಡೆಯಿತು. ಕೊನೆಗೆ ಒಂದು ದಿನ ಅವಳು ಎರಡು ಚೀಲ ತುಂಬಿ, ಆಚೆ ದಡದ ಪೇಟೆಯಲ್ಲಿ ಪುರಸಭೆಯವರು ನಿವೃತ್ತರಿಗೆಂದು ಕಟ್ಟಿಸಿದ ಮನೆಯೊಂದಕ್ಕೆ ಹೆಸರು ಬರೆಸಿಬಿಟ್ಟಳು. ಮೊದಲ ಒಂದು ವರ್ಷ ಇದ್ದು ನೋಡಬಹುದು. ಮುಂದಿನ ಅಕ್ಟೋಬರ್ ಒಂದರೊಳಗೆ ಹೂಂ ಎನ್ನಬೇಕು, ಇಲ್ಲವೇ ಸಾಲಿನಲ್ಲಿ ಕಾದಿರುವ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಎಲಿಂಗ್ ತಾನೇ ಚೀಲಗಳನ್ನು ಫೆರಿಯವರೆಗೆ ಹೊತ್ತುಕೊಟ್ಟ. "ಹುಷಾರು" ಎಂದ. ಅವಳೂ "ಹುಷಾರು" ಎಂದಳು. ನಲವತ್ತು ವರ್ಷದ ದಾಂಪತ್ಯಕ್ಕೆ ಅಷ್ಟು ಮಾತು ಸಾಕು ಎಂದು ಇಬ್ಬರೂ ತೀರ್ಮಾನಿಸಿದಂತಿತ್ತು.

ಚಳಿಗಾಲ ಪೂರ್ತಿ ಎಲಿಂಗ್ ಒಬ್ಬನೇ ಇದ್ದ. ಬೆಳಿಗ್ಗೆ ಎರಡು ಲೋಟ ಕಾಫಿ ಮಾಡಿ ಒಂದನ್ನು ಚೆಲ್ಲುತ್ತಿದ್ದ. ಅಳತೆ ಬದಲಾಯಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಅವಳಿಲ್ಲದೆ ಅವನಿಗೆ ಬದುಕು ಸಪ್ಪೆಯಾಗಿತ್ತು, ಅವಳು ವಾಪಸು ಬರಬೇಕಿತ್ತು. ಆದರೆ ಬಾ ಎನ್ನುವುದು ಹೇಗೆ? ಬಾ ಎಂದರೆ ಅವಳು ಹೋದದ್ದು ಸರಿ ಎಂದ ಹಾಗೆ, ಗೋಡೆ ಥಂಡಿ ಎಂದ ಹಾಗೆ. ಜೊತೆಗೆ ಜನವರಿಯ ಹೊತ್ತಿಗೆ ಮಂಚದ ತಲೆದೆಸೆಯ ಗೋಡೆಯಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡಿದ್ದವು. ಅದುವರೆಗೆ ಅವನು ಎಂದೂ ಕಂಡಿರದ ಚುಕ್ಕೆಗಳು. ಎಲಿಂಗ್ ಅದರ ಮುಂದೆ ಬಟ್ಟೆಯ ಬೀರು ಸರಿಸಿದ.

ಮಾರ್ಚಿನಲ್ಲಿ ಅವನಿಗೆ ಒಂದು ಉಪಾಯ ಹೊಳೆಯಿತು. ಗೋಡೆಯ ಹೊರಹಲಗೆಗಳನ್ನು ಬದಲಾಯಿಸಿಬಿಡುವುದು. ಹಳೆಯದು ಕೆಟ್ಟಿತ್ತು ಅಂತಲ್ಲ, ವಯಸ್ಸಾಯಿತು ಅಂತ. ವಯಸ್ಸಾಗುವುದರಲ್ಲಿ ಯಾರ ತಪ್ಪೂ ಇಲ್ಲವಲ್ಲ. ಹೊಸ ಗೋಡೆ ಎದ್ದುನಿಂತರೆ ಅವಳು ತಾನಾಗಿ ಬರುತ್ತಾಳೆ, ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಯಾವ ಗೋಡೆ ಎಂಬ ಪ್ರಶ್ನೆ ಅವನ ತಲೆಯಲ್ಲಿ ಸುಳಿಯಲೇ ಇಲ್ಲ. ನಾರ್ವೆಯ ಆ ಕರಾವಳಿಯಲ್ಲಿ ಹುಟ್ಟಿದವರಿಗೆ ಗೋಡೆ ಕೆಡುವುದು ಎಂದರೆ ಕಡಲ ಕಡೆಯ ಗೋಡೆ ಕೆಡುವುದು. ಬಿರುಗಾಳಿ ಅಲ್ಲಿಂದ ಬರುತ್ತದೆ, ಮಳೆ ಅಲ್ಲಿಂದ ಅಡ್ಡಡ್ಡ ಹೊಡೆಯುತ್ತದೆ, ಉಪ್ಪು ಅಲ್ಲಿಂದ ಹಾರಿಬಂದು ಕೂರುತ್ತದೆ. ಹೆಂಡತಿ ಥಂಡಿ ಎಂದರೆ ಕಡಲ ಗೋಡೆಯನ್ನು ಬಿಚ್ಚಬೇಕು, ಅಷ್ಟೆ. ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಅವನು ಯಾರನ್ನೂ ಕೇಳಲಿಲ್ಲ.

ಅಂಗಡಿಯ ಯೋರ್ದಿಸ್‌ಗೆ ಮಾತ್ರ, ಮೀನಿನ ಡಬ್ಬಿ ಕೊಳ್ಳುತ್ತಾ, "ಈ ಬೇಸಿಗೆ ಕಡಲ ಗೋಡೆ ಬಿಚ್ಚೋಣ ಅಂತಿದ್ದೀನಿ, ನಿಧಾನಕ್ಕೆ, ಒಬ್ಬನೇ" ಎಂದ. ದ್ವೀಪದಲ್ಲಿ ಊರವರನ್ನು ಕೆಲಸಕ್ಕೆ ಕರೆಯುವ ಕ್ರಮ ಇದು. ಕರೆಯುವ ಹಾಗಿಲ್ಲ, ಒಬ್ಬನೇ ಮಾಡುತ್ತೇನೆ ಎಂದು ಯೋರ್ದಿಸ್‌ನ ಕಿವಿಗೆ ಹಾಕಬೇಕು. ಅವಳು ಅದನ್ನು ಹಾಲು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಾಳೆ. ಆಮೇಲೆ ಒಂದು ಶನಿವಾರ ಜನ ಸುತ್ತಿಗೆ ಹಿಡಿದು ತಾವಾಗಿಯೇ ಬರುತ್ತಾರೆ. ನಮ್ಮ ಮುಯ್ಯಾಳಿನ ಹಾಗೆ ಅದು ಕೂಲಿಯಿಲ್ಲದ ಕೆಲಸ, ಅವರು ಅದನ್ನು ದುಗ್ನಾಡ್ ಎನ್ನುತ್ತಾರೆ. ಮನೆಯವರು ಹೊಟ್ಟೆ ತುಂಬ ಹಾಕಬೇಕು, ಅಷ್ಟೇ ಋಣ. ಒಂದು ಮನೆಗೆ ಒಂದು ವರ್ಷದಲ್ಲಿ ಒಂದು ದುಗ್ನಾಡ್. ಎರಡನೆಯದನ್ನು ಬಯಸಿದವರು ಟೆರ್ನೊಯ್‌ನ ನೆನಪಿನಲ್ಲಿ ಯಾರೂ ಇಲ್ಲ.

ಜೂನ್ ಎರಡನೇ ಶನಿವಾರ ಇಪ್ಪತ್ತಮೂರು ಜನ ಬಂದರು. ಯೋರ್ದಿಸ್ ಆಸ್ಲೌಗಳ ಅಡುಗೆಮನೆಯಲ್ಲಿ ನಿಂತು ದೊಡ್ಡ ಪಾತ್ರೆಯಲ್ಲಿ ಹುಳಿಕೆನೆಯ ಗಂಜಿ ಕಾಯಿಸಿದಳು, ಪಕ್ಕದಲ್ಲಿ ವಾಫಲ್‌ಗಳ ರಾಶಿ ಹಾಕಿದಳು. ಬಡಗಿ ತೋರ್ಗ್ರಿಮ್ ಸಾರುವೆ ಕಟ್ಟಿದ. ತೋರ್ಗ್ರಿಮ್ ಐವತ್ತು ವರ್ಷದವ, ಮಾತು ಕಡಿಮೆ. ದ್ವೀಪದ ಅರ್ಧ ಮನೆಗಳ ಹೊಟ್ಟೆಯೊಳಗೆ ಏನಿದೆ ಎಂದು ಅವನಿಗೆ ಗೊತ್ತು, ಯಾರಿಗೂ ಹೇಳುವುದಿಲ್ಲ. ಅದಕ್ಕೇ ಅವನಿಗೆ ಕೆಲಸ ಸಿಗುತ್ತದೆ.

ಮೊದಲ ಹಲಗೆಗೆ ಅವನು ಹಾರೆ ಹಾಕಿದ. ಮೊಳೆ ಕಿರುಗುಟ್ಟಿಕೊಂಡು ಹೊರಬಂತು. ಹಲಗೆಯನ್ನು ತಿರುಗಿಸಿ ಹಿಂಬದಿ ನೋಡಿದ. ಜೇನು ಬಣ್ಣ. ಒಂದು ಕಲೆಯಿಲ್ಲ. ಹೆಬ್ಬೆರಳಿನಿಂದ ಒತ್ತಿದ, ಒತ್ತಿಸಿಕೊಳ್ಳಲಿಲ್ಲ. ಎರಡನೆಯದನ್ನು ತೆಗೆದ, ಮೂರನೆಯದನ್ನು ತೆಗೆದ. ಒಳಗಿನ ರೀಪುಗಳು ನಿನ್ನೆ ಮೊನ್ನೆ ಬಡಿದ ಹಾಗಿದ್ದವು. ಅರವತ್ತೆಂಟು ವರ್ಷ ಕಡಲಿನ ಏಟು ತಿಂದ ಗೋಡೆ, ಇನ್ನೂ ಅಷ್ಟೇ ವರ್ಷ ತಿನ್ನುವುದಕ್ಕೆ ತಯಾರಾಗಿ ಕೂತಿತ್ತು.

ಇಪ್ಪತ್ತಮೂರು ಜನರೂ ಅದನ್ನು ನೋಡಿದ್ದರು, ಎಲ್ಲರೂ ಬೇರೆ ಕಡೆ ನೋಡತೊಡಗಿದರು. ಎಲಿಂಗ್‌ಗೆ ಮೊದಲು ಎದೆ ಉಬ್ಬಿತು.

"ನೋಡಿದ್ರಾ?" ಎಂದ. "ನಮ್ಮಪ್ಪ ಆರಿಸಿ ತಂದ ಮರ. ಬಿಸ್ಕತ್ತಿನ ಹಾಗೆ ಒಣಗಿದೆ."

"ಹೂಂ," ಎಂದ ತೋರ್ಗ್ರಿಮ್. "ಒಣಗಿದೆ."

"ಹಾಗಾದ್ರೆ..." ಎಂದು ಸಾರುವೆಯ ಮೇಲಿನಿಂದ ಯಾರೋ ಬಾಯಿ ತೆರೆದರು. ಆದರೆ ಅಂಗಳದಲ್ಲಿ ಹೊಸ ಹಲಗೆಗಳು ಆಳೆತ್ತರ ಪೇರಿಕೊಂಡಿದ್ದವು, ಅಡುಗೆಮನೆಯಿಂದ ಗಂಜಿಯ ವಾಸನೆ ಬರುತ್ತಿತ್ತು, ಒಬ್ಬನಂತೂ ಈ ಕೆಲಸಕ್ಕೆಂದೇ ಹೊಸ ಕೈಗವಸು ಕೊಂಡುತಂದಿದ್ದ. ಬಾಯಿ ತೆರೆದವರು ಅದನ್ನು ಮುಚ್ಚಿಕೊಂಡು ಹಾರೆ ಎತ್ತಿಕೊಂಡರು. ಸಂಜೆಯ ಹೊತ್ತಿಗೆ ದ್ವೀಪದ ಅತ್ಯಂತ ಗಟ್ಟಿ ಗೋಡೆಯನ್ನು ಕಿತ್ತುಹಾಕಿ, ಅದರ ಅರ್ಧದಷ್ಟೂ ಬಾಳದ ಹೊಸ ಗೋಡೆಯನ್ನು ಬಡಿದು ಮುಗಿಸಿದರು. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಹಳೆಯ ಹಲಗೆಗಳನ್ನು ಹತ್ತು ದಿನ ಬಿಟ್ಟು ಬಂದ ಬೇಸಿಗೆ ಹಬ್ಬದ ಬೆಂಕಿಗೆ ಹಾಕಿದರು. ಅಷ್ಟು ಚೆನ್ನಾಗಿ ಉರಿದ ಹಬ್ಬದ ಬೆಂಕಿಯನ್ನು ಯಾರೂ ನೋಡಿರಲಿಲ್ಲ. ತೋರ್ಗ್ರಿಮ್ ಮಾತ್ರ ಹೊಟ್ಟೆನೋವು ಎಂದು ಬೇಗ ಮನೆಗೆ ಹೋದ.

ಎಲಿಂಗ್ ಆಸ್ಲೌಗಳಿಗೆ ಫೋನು ಮಾಡಿದ.

"ಗೋಡೆ ಹೊಸದಾಯ್ತು," ಎಂದ.

"ಯಾವ ಗೋಡೆ?"

"ಯಾವ್ದು ಅಂದ್ರೆ? ಕಡಲ ಕಡೇದು."

"ಮಲಗೋ ಕೋಣೆ ದಕ್ಕೆ ಕಡೆಗಲ್ವಾ ಇರೋದು?" ಎಂದಳು ಆಸ್ಲೌಗ್.

"ಗಾಳಿ ಹೊಡೆಯೋದು ಕಡಲ ಕಡೆಯಿಂದ."

"ಹೊಡೀಲಿ ಬಿಡು. ನಾನು ಮಲಗ್ತಿದ್ದದ್ದು ದಕ್ಕೆ ಕಡೆ."

"ಆ ಗೋಡೆಗೆ ಏನೂ ಆಗಿಲ್ಲ," ಎಂದ ಎಲಿಂಗ್.

"ಸರಿ ಹಾಗಾದ್ರೆ," ಎಂದಳು. ಟೆರ್ನೊಯ್‌ನಲ್ಲಿ ಸರಿ ಹಾಗಾದ್ರೆ ಎಂದರೆ ಬಾಗಿಲು ಹಾಕಿಕೊಂಡ ಹಾಗೆ. ಆಮೇಲೆ ಇಬ್ಬರೂ ಹವೆಯ ಬಗ್ಗೆ ಮಾತಾಡಿ ಫೋನಿಟ್ಟರು.

ಅವನು ಹೊರಗೆ ಬಂದು ದಕ್ಕೆಯ ಕಡೆಯ ಗೋಡೆಯ ಮುಂದೆ ನಿಂತ. ಜೂನ್ ತಿಂಗಳ ಬಿಸಿಲಿಗೆ ಬಿಳಿ ಬಣ್ಣ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಮಲಗುವ ಕೋಣೆಯ ಕಿಟಕಿಯ ಕೆಳಗೆ, ಪೊದೆಯಿಂದ ಮರೆಯಾದ ಜಾಗದಲ್ಲಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೆಬ್ಬೆರಳಿನಿಂದ ಒತ್ತಿದ. ಗೋಡೆ ಹಳೇ ಚೀಸಿನ ಸಿಪ್ಪೆಯ ಹಾಗೆ ಒಳಕ್ಕೆ ಹೋಯಿತು. ಬೆರಳು ತೆಗೆದ. ಗುಳಿ ಹಾಗೇ ಉಳಿಯಿತು.

ಒಂದು ಹಲಗೆ ಬಿಚ್ಚಿದ. ಬಿಚ್ಚಿದ ಎನ್ನುವುದಕ್ಕಿಂತ ಅದು ಕೈಗೆ ಬಂತು ಎನ್ನಬೇಕು. ಹದಿನೈದು ಪದರದ ಬಣ್ಣ ಒಂದೇ ಹಾಳೆಯಾಗಿ ಗಟ್ಟಿ ನಿಂತಿತ್ತು, ಅದರ ಹಿಂದೆ ಮರ ಎಂಬುದು ನೆನೆದ ಕೇಕಿನ ಹಾಗೆ ಕಪ್ಪಾಗಿ ಉದುರುತ್ತಿತ್ತು. ಹಿಂದಿನ ಕಂಬದಲ್ಲಿ ಬಿಳಿ ಬೂಜು ಬೀಸಣಿಗೆಯ ಹಾಗೆ ಹರಡಿಕೊಂಡಿತ್ತು. ಒದ್ದೆ ಕಾಲುಚೀಲದ ವಾಸನೆ ಮುಖಕ್ಕೆ ಬಡಿಯಿತು. ಮೂವತ್ತು ವರ್ಷ ಫೆರಿಯಿಂದ ಅವನು ಹೆಮ್ಮೆಯಿಂದ ನೋಡಿದ್ದು ಮನೆಯನ್ನಲ್ಲ, ಬಣ್ಣದ ಚಿಪ್ಪನ್ನು.

ಎಲಿಂಗ್ ಆಗ ಮಾಡಿದ ಕೆಲಸವನ್ನು ಅವನ ಮರ್ಯಾದೆಗೋಸ್ಕರ ಹೇಳದೆ ಬಿಡಬಹುದಿತ್ತು, ಆದರೆ ಮಾಡಿದ್ದಂತೂ ನಿಜ. ಹಲಗೆಯನ್ನು ವಾಪಸು ಇಟ್ಟ. ಮೊಳೆ ಹಿಡಿಯದ್ದರಿಂದ ಅಂಟು ಹಾಕಿದ. ಮೇಲೆ ಹದಿನಾರನೇ ಪದರ ಬಣ್ಣ ಹಚ್ಚಿದ.

ಹಾಗೆ ಐದು ವಾರ ಇದ್ದ. ಅಕ್ಟೋಬರ್ ಒಂದು ಹತ್ತಿರ ಬರುತ್ತಿತ್ತು. ಆ ಗೋಡೆಯನ್ನು ಬಿಚ್ಚಿ ಸರಿಮಾಡದೆ ಆಸ್ಲೌಗ್ ಬರುವುದಿಲ್ಲ ಎಂದು ಅವನಿಗೆ ಈಗ ಖಚಿತವಾಗಿತ್ತು. ಬಿಚ್ಚಿದರೆ ದ್ವೀಪವೆಲ್ಲ ನೋಡುತ್ತದೆ, ಫೆರಿಯೂ ನೋಡುತ್ತದೆ. ಜನರನ್ನು ಕರೆಯೋಣವೆಂದರೆ ವರ್ಷದ ದುಗ್ನಾಡನ್ನು ಅವನು ಒಳ್ಳೆಯ ಗೋಡೆ ಕೀಳುವುದಕ್ಕೆ ಖರ್ಚು ಮಾಡಿ ಕೂತಿದ್ದ. ಆಗಸ್ಟಿನಲ್ಲಿ ಪೇಟೆಯಿಂದ ಬಿಳಿಯ ಟಾರ್ಪಾಲೊಂದನ್ನು ತರಿಸಿ ಗೋಡೆಯ ಮೇಲಿಂದ ಕೆಳಗಿನವರೆಗೆ ಇಳಿಬಿಟ್ಟ. ದೂರದಿಂದ ಗೋಡೆಯೇ ಅನ್ನಿಸಲಿ ಎಂದು ಬಿಳಿಯದನ್ನೇ ಆರಿಸಿದ್ದ.

"ಏನದು, ಮನೆಗೆ ಲಂಗ ಉಡಿಸಿದ್ದೀಯಲ್ಲ," ಎಂದಳು ಅಂಗಡಿಯಲ್ಲಿ ಯೋರ್ದಿಸ್.

"ಬಣ್ಣ ಹಚ್ತಿದ್ದೀನಿ."

"ಟಾರ್ಪಾಲಿನ ಒಳಗೆ?"

"ಧೂಳು ಕೂರಬಾರದು ಅಂತ."

ಹೊರಗೆ ಒಂಬತ್ತನೇ ದಿನದ ಮಳೆ ಸುರಿಯುತ್ತಿತ್ತು. ಯೋರ್ದಿಸ್ ಕಿಟಕಿಯಾಚೆ ನೋಡಿದಳು.

"ಹೌದಪ್ಪ," ಎಂದಳು. "ನಮ್ಮಲ್ಲಿ ಧೂಳು ಬಹಳ."

ಅವನು ಒಬ್ಬನೇ ಕೆಲಸ ಮಾಡಿದ. ಟಾರ್ಪಾಲಿನ ಒಳಗೆ ಸೆಕೆ, ವಾಸನೆ, ಅರೆಗತ್ತಲು. ಒಂದು ಹಲಗೆ ತೆಗೆದರೆ ಹಿಂದಿನ ರೀಪು ಹೋಗಿರುತ್ತಿತ್ತು, ರೀಪು ತೆಗೆದರೆ ಕಂಬ ಹೋಗಿರುತ್ತಿತ್ತು. ಕೊಳೆತದ್ದನ್ನು ಚೀಲಕ್ಕೆ ತುಂಬಿ ಸಂಜೆ ಕಡಲ ಕಡೆಯಿಂದ ಸಾಗಿಸುತ್ತಿದ್ದ. ಸುತ್ತಿಗೆ ಸದ್ದಿಗೆ ರೇಡಿಯೋ ಜೋರಾಗಿ ಹಾಕುತ್ತಿದ್ದ. ಬಣ್ಣ ಹಚ್ಚುವವರು ಸುತ್ತಿಗೆ ಬಳಸುವುದಿಲ್ಲವಲ್ಲ. ಅರವತ್ತಾರು ವರ್ಷದ ಬೆನ್ನು ಎರಡು ದಿನಕ್ಕೊಮ್ಮೆ ರಜೆ ಕೇಳುತ್ತಿತ್ತು. ಸೆಪ್ಟೆಂಬರ್ ಅರ್ಧ ಕಳೆದರೂ ಗೋಡೆಯ ಮೂರನೇ ಒಂದು ಭಾಗ ಮಾತ್ರ ಬಿಚ್ಚಿತ್ತು, ಒಂದು ಹೊಸ ಹಲಗೆಯೂ ಹತ್ತಿರಲಿಲ್ಲ.

ಒಂದು ಸಂಜೆ ಟಾರ್ಪಾಲಿನ ಅಂಚು ಎತ್ತಿ ತೋರ್ಗ್ರಿಮ್ ಒಳಗೆ ಬಂದ. ಜೇಬಿನಿಂದ ಚಾಕು ತೆಗೆದು, ಇನ್ನೂ ಬಿಚ್ಚಿರದ ಭಾಗದಲ್ಲಿ ಚುಚ್ಚಿದ. ಚಾಕು ಹಿಡಿಯವರೆಗೆ ಹೋಯಿತು. ನಿಧಾನವಾಗಿ ಹೊರಗೆಳೆದು ಒರೆಸಿಕೊಂಡ.

"ಇದು ಬಣ್ಣ ಹಚ್ಚೋ ಕೆಲಸ ಅಲ್ಲ," ಎಂದ.

"ಅಲ್ಲ," ಎಂದ ಎಲಿಂಗ್.

"ಕಡಲ ಗೋಡೆ ನೆನೆಯುತ್ತೆ, ಮಾರನೇ ದಿನ ಗಾಳಿಗೆ ಒಣಗುತ್ತೆ. ಇದಕ್ಕೆ ನೀನು ಉಸಿರಾಡೋಕೇ ಬಿಟ್ಟಿಲ್ಲ ಮಾರಾಯ. ನೀರು ಒಳಗೆ ಹೋಯ್ತು, ಹೊರಗೆ ಬರೋಕೆ ದಾರಿ ಸಿಗಲಿಲ್ಲ."

"ಜೂನ್‌ನಲ್ಲೇ ನಿನಗೆ ಗೊತ್ತಿತ್ತಾ?"

"ಆ ಕಡೆ ಗೋಡೆ ಅಷ್ಟು ಚೆನ್ನಾಗಿರೋದು ನೋಡಿದಾಗ ಅನುಮಾನ ಬಂತು. ಆಸ್ಲೌಗ್ ಸುಮ್ಮಸುಮ್ಮನೆ ಹೋಗೋಳಲ್ಲ."

"ಹೇಳೋದಲ್ವಾ?"

ತೋರ್ಗ್ರಿಮ್ ಸ್ವಲ್ಪ ಯೋಚಿಸಿದ. "ಗಂಜಿ ಬೆಂದಾಗಿತ್ತು," ಎಂದ.

ಚಾಕು ಮಡಚಿ ಜೇಬಿಗಿಟ್ಟ.

"ಒಂದು ಮಾತು ಹೇಳು, ಜನ ಬರ್ತಾರೆ," ಎಂದ ತೋರ್ಗ್ರಿಮ್.

"ವರ್ಷಕ್ಕೆ ಎರಡು ಸಲ ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ. ಯಾರೂ ಒಳ್ಳೆ ಗೋಡೆ ಕಿತ್ತು ಬೆಂಕಿಗೆ ಹಾಕಿಯೂ ಇರಲಿಲ್ಲ."

"ನಾನೇ ಮುಗಿಸ್ತೀನಿ," ಎಂದ ಎಲಿಂಗ್. ತೋರ್ಗ್ರಿಮ್ ಟಾರ್ಪಾಲು ಸರಿಸಿಕೊಂಡು ಹೊರಟುಹೋದ. ಕೇಳದೆ ಕೆಲಸಕ್ಕೆ ಕೈ ಹಾಕುವುದು ಒಬ್ಬನನ್ನು ಅವಮಾನಿಸಿದಂತೆ. ಅಂಥದ್ದನ್ನು ಅವನು ಮಾಡುವವನಲ್ಲ.

ಆ ಭಾನುವಾರ ಆಸ್ಲೌಗ್ ಫೋನು ಮಾಡಿದಾಗ ಎಲಿಂಗ್‌ನ ಬಾಯಿ ತನಕ ಎಲ್ಲವೂ ಬಂದಿತ್ತು. "ಒಂದನೇ ತಾರೀಕಿಗೆ ಹೇಳ್ಬೇಕಲ್ಲ ನೀನು," ಎಂದ. "ಹೂಂ," ಎಂದಳು. ಅವಳು ಕಾದಳು. ಅವನೂ ಕಾದ. "ಇಲ್ಲಿ ಸ್ವಲ್ಪ ಕೆಲಸ ನಡೀತಿದೆ," ಎಂದ. "ಹೌದಾ?" ಎಂದಳು. ಮತ್ತೆ ಕಾದಳು. "ನೈಋತ್ಯದ ಗಾಳಿ ಜೋರಾಗಿದೆ," ಎಂದ ಎಲಿಂಗ್. "ಇಲ್ಲೂ ಹಾಗೇ," ಎಂದಳು ಆಸ್ಲೌಗ್. ಮಾತು ಮುಗಿಯಿತು.

ಸೆಪ್ಟೆಂಬರ್ ಇಪ್ಪತ್ತೊಂಬತ್ತರ ಮಧ್ಯಾಹ್ನ ಗಾಳಿ ತಿರುಗಿತು. ಕಡಲ ಕಡೆಯಿಂದಲೇ ಬರುವುದು ರೂಢಿಯಾಗಿದ್ದ ಬಿರುಗಾಳಿ, ಹತ್ತು ವರ್ಷಕ್ಕೊಮ್ಮೆ ಮಾಡುವಂತೆ, ಆಗ್ನೇಯಕ್ಕೆ ಸುತ್ತಿಕೊಂಡು ದಕ್ಕೆಯ ಕಡೆಯಿಂದ ನುಗ್ಗಿತು. ಎಲಿಂಗ್ ಹೊರಗೋಡಿ ಟಾರ್ಪಾಲಿನ ಕೆಳಗಿನ ಹಗ್ಗ ಹಿಡಿದುಕೊಂಡ. ಮೂವತ್ತನಾಲ್ಕು ವರ್ಷ ಹಗ್ಗ ಹಿಡಿದ ಕೈ, ಆದರೂ ಚರ್ಮ ಕಿತ್ತುಕೊಂಡಿತು. ಮೇಲಿನ ಮೊಳೆಗಳು ಒಂದರ ಹಿಂದೊಂದು ಸಿಡಿದವು. ಟಾರ್ಪಾಲು ಒಮ್ಮೆ ಉಬ್ಬಿ, ಗೋಡೆಗೆ ಬಡಿದು ತಿರುಗಿದ ಗಾಳಿಗೆ ಸಿಕ್ಕಿ, ಸುತ್ತುಹಾಕುತ್ತಾ ದಿಬ್ಬ ಇಳಿದು ದಕ್ಕೆಯಲ್ಲಿ ನಿಂತಿದ್ದ ಫೆರಿಯ ಮೂತಿಗೆ ಸುತ್ತಿಕೊಂಡಿತು. ಕಾರು ಇಳಿಸುವ ಬಾಗಿಲು ತೆರೆಯಲಾಗದೆ ಫೆರಿ ಮುಕ್ಕಾಲು ಗಂಟೆ ಹಾಗೇ ನಿಂತಿತು. ಅಷ್ಟು ಹೊತ್ತು ಕಾರುಗಳಲ್ಲಿ ಕೂತವರಿಗೆಲ್ಲ ನೋಡುವುದಕ್ಕೆ ಇದ್ದದ್ದು ಒಂದೇ ಒಂದು. ಅರ್ಧ ಬಿಳಿ, ಅರ್ಧ ಕರಿ, ಪಕ್ಕೆಲುಬು ಕಾಣುತ್ತಿದ್ದ ಎಲಿಂಗ್‌ನ ಗೋಡೆ.

ಮಾರನೇ ಬೆಳಿಗ್ಗೆ ಕಡಲು ಏನೂ ಆಗಿಲ್ಲವೆಂಬಂತೆ ಮಲಗಿತ್ತು. ದಕ್ಕೆಯಲ್ಲಿ ಜನ ಸೇರಿದ್ದರು. ತೋರ್ಗ್ರಿಮ್ ಇದ್ದ, ಯೋರ್ದಿಸ್ ಅಂಗಡಿಗೆ ಬೀಗ ಹಾಕಿ ಬಂದಿದ್ದಳು, ಜೂನಿನಲ್ಲಿ ಗಂಜಿ ಉಂಡವರಲ್ಲಿ ಹೆಚ್ಚಿನವರಿದ್ದರು. ಎಲ್ಲರೂ ಗೋಡೆಗೆ ಬೆನ್ನು ಹಾಕಿ ಕಡಲು ನೋಡುತ್ತಿದ್ದರು. ಟೆರ್ನೊಯ್‌ನ ಜನ ತಮ್ಮ ಕಡಲನ್ನು ಅಷ್ಟು ಗಮನವಿಟ್ಟು ಎಂದೂ ನೋಡಿರಲಿಲ್ಲ.

ಹತ್ತೂವರೆಯ ಫೆರಿಯಿಂದ ಆಸ್ಲೌಗ್ ಇಳಿದಳು. ಕೈಯಲ್ಲಿ ಖಾಲಿ ಚೀಲ. ಜನ ಅವಳಿಗೆ ತಲೆಯಾಡಿಸಿ ದಾರಿ ಬಿಟ್ಟರು. ಅವಳು ದಿಬ್ಬ ಹತ್ತಿ ಬಂದು ಗೋಡೆಯ ಮುಂದೆ ನಿಂತು, ಮೇಲಿನಿಂದ ಕೆಳಗೆ ನೋಡಿದಳು. ಮಲಗುವ ಕೋಣೆಯ ಹತ್ತಿರ ಕಂಬಗಳ ನಡುವಿನಿಂದ ಒಳಗೋಡೆಯ ಹಿಂಬದಿ ಕಾಣುತ್ತಿತ್ತು, ಇದ್ದಿಲಿನ ಹಾಗೆ. ಎಲಿಂಗ್ ಬಟ್ಟೆ ಸುತ್ತಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಚಳಿಗಾಲದ ಕೋಟು ತಗೊಂಡು ಹೋಗೋಣ ಅಂತ ಬಂದೆ," ಎಂದಳು.

"ಬೀರುವಿನಲ್ಲಿದೆ. ಬೀರು ಸ್ವಲ್ಪ ಸರಿಸಿದ್ದೀನಿ." ಆಮೇಲೆ ಎಲಿಂಗ್ ಗೋಡೆಯ ಕಡೆ ತಿರುಗಿದ. "ನೀನು ಹೇಳಿದ್ದೇ ಸರಿ."

"ಯಾವತ್ತು ಹೇಳಿದ್ದು?"

"ಎಲ್ಲಾ ಸಲಾನೂ."

ಆಸ್ಲೌಗ್ ತಲೆಯಾಡಿಸಿದಳು. ಗೆದ್ದವರ ಮುಖ ಅವಳದಾಗಿರಲಿಲ್ಲ.

"ನೀನು ಹೋದ್ಮೇಲೆ ಒಳಗೂ ಕಪ್ಪು ಬಂತು," ಎಂದ ಎಲಿಂಗ್. "ನೀನಿದ್ದಾಗ ಒಂದು ಚುಕ್ಕೆಯೂ ಇರಲಿಲ್ಲ. ಅದಕ್ಕೇ ನಾನು ನಂಬಲಿಲ್ಲ."

"ಇರಲಿಲ್ಲ ಅಲ್ಲ. ಪ್ರತಿ ಶನಿವಾರ ಒರೆಸ್ತಿದ್ದೆ. ವಿನಿಗರ್ ಹಾಕಿ."

"ಯಾವಾಗಿಂದ?"

"ಹದಿನೈದು ವರ್ಷ ಆಗಿರಬೇಕು. ನೀನು ಶನಿವಾರ ಫೆರಿಲಿ ಇರ್ತಿದ್ದೆ. ಮನೆಗೆ ಬಂದೋರ ಹತ್ರ ಎಲ್ಲ ಒಣಗಿದ ಗೋಡೆ, ಒಣಗಿದ ಗೋಡೆ ಅಂತಿದ್ಯಲ್ಲ. ಯಾರಾದ್ರೂ ಕೋಣೆಗೆ ಬಂದು ನೋಡಿದ್ರೆ ನಿನ್ನ ಮುಖ ಎಲ್ಲಿಡ್ತಿದ್ದೆ?"

ಎಲಿಂಗ್ ಎರಡು ಬೇಸಿಗೆಗೊಮ್ಮೆ ಹೊರಗಿನಿಂದ ಬಳಿದದ್ದನ್ನು ಅವಳು ವಾರಕ್ಕೊಮ್ಮೆ ಒಳಗಿನಿಂದ ಒರೆಸಿದ್ದಳು. ಅವನ ಜಂಭವನ್ನು ಹದಿನೈದು ವರ್ಷ ಒಣಗಿಸಿ ಇಟ್ಟದ್ದು ಅವಳ ಕೈ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿಬಂತು. ಈ ವಯಸ್ಸಿನಲ್ಲಿ ಇದೇನು ಎಂದು ಅವನಿಗೇ ಗಾಬರಿಯಾಯಿತು.

"ಮನೆಗೆ ಬಾ ಆಸ್ಲೌಗ್," ಎಂದ. "ಗೋಡೆಗೋಸ್ಕರ ಅಲ್ಲ. ನೀನಿಲ್ದೆ ನನಗಾಗಲ್ಲ."

"ಇದೊಂದು ಮಾತು ಆಡೋಕೆ ನಿನಗೆ ಎರಡು ಗೋಡೆ ಕೀಳಬೇಕಾಯ್ತಾ?" ಎಂದಳು.

ಅವನು ನೆಲ ನೋಡಿದ.

"ಸೋಮವಾರ ಹೂಂ ಅಂದುಬಿಟ್ಟೆ," ಎಂದಳು. "ಸಹಿ ಹಾಕಿಯೂ ಆಯ್ತು. ಈ ಮಾತನ್ನ ನೀನು ಜೂನ್‌ನಲ್ಲಿ ಫೋನಿನಲ್ಲಿ ಅಂದಿದ್ರೆ, ಗೋಡೆ ಕೊಳೆತೇ ಇದ್ರೂ ಬರ್ತಿದ್ದೆ ಕಣೋ. ಅಷ್ಟು ವರ್ಷ ಒರೆಸಿದವಳಿಗೆ ಇನ್ನೊಂದಿಷ್ಟು ಒರೆಸೋದು ಭಾರವಾ?"

ದಕ್ಕೆಯಲ್ಲಿ ಫೆರಿಯ ಎಂಜಿನ್ನು ಗುರುಗುಟ್ಟುತ್ತಿತ್ತು. ಎಲಿಂಗ್ ಈ ಗೋಡೆಗೆಂದು ತರಿಸಿಟ್ಟಿದ್ದ ಹೊಸ ಹಲಗೆಗಳ ರಾಶಿಯ ಮೇಲೆ ಕುಳಿತ. ಆಸ್ಲೌಗ್ ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದಳು, ಗುಂಡಿ ಹಾಕುತ್ತಾ ಅವನ ಮುಂದೆ ನಿಂತಳು.

"ನನ್ನದು ಎರಡು ಕೋಣೆ," ಎಂದಳು. "ಗೋಡೆ ಕಾಂಕ್ರೀಟು. ಬಣ್ಣ ಹಚ್ಚೋಕೆ ಪುರಸಭೆಯವರು ಬಿಡಲ್ಲ. ಬರೋದಾದ್ರೆ ಬಾ. ಆದ್ರೆ ಇದನ್ನ ಹೀಗೆ ಬಾಯಿ ತೆರೆದು ಬಿಟ್ಟು ಬಂದ್ರೆ ಒಳಗೆ ಸೇರಿಸಲ್ಲ."

ಅವಳು ಇಳಿದು ಹೋಗಿ ಫೆರಿ ಹತ್ತಿದಳು. ಫೆರಿ ದಕ್ಕೆ ಬಿಟ್ಟು ಮೂಲೆ ತಿರುಗುವವರೆಗೂ ಎಲಿಂಗ್ ಕುಳಿತೇ ಇದ್ದ. ಆಮೇಲೆ ಎದ್ದು ದಿಬ್ಬ ಇಳಿದ. ಇನ್ನೂ ಕಡಲು ನೋಡುತ್ತಿದ್ದವರ ಹಿಂದೆ ಹೋಗಿ ನಿಂತ. ಬೆನ್ನುಗಳು ಅಲುಗಾಡಲಿಲ್ಲ.

"ನನ್ನ ಗೋಡೆ ಕೊಳೆತಿದೆ," ಎಂದ ಎಲಿಂಗ್. ದನಿ ಅವನಿಗೇ ಗುರುತು ಸಿಗಲಿಲ್ಲ. "ಅದನ್ನ ಮುಚ್ಚಿದ್ರೆ ಆಸ್ಲೌಗ್ ಹತ್ರ ಹೋಗಬಹುದು. ನನಗೊಬ್ಬನಿಗೆ ಆಗಲ್ಲ. ಬರ್ತೀರಾ?"

ಯೋರ್ದಿಸ್ ಮೊದಲು ತಿರುಗಿದಳು. "ಗಂಜಿಗೆ ಹಾಲು ತರಿಸಿಟ್ಟು ಮೂರು ವಾರ ಆಯ್ತು," ಎಂದಳು. "ಎರಡು ಸಲ ಬದಲಾಯಿಸಿದ್ದೀನಿ."

ತೋರ್ಗ್ರಿಮ್ ತನ್ನ ಕಾರಿನ ಹಿಂಬಾಗಿಲು ತೆರೆದ. ಹಾರೆ, ಸುತ್ತಿಗೆ, ಎರಡು ಬಾಕ್ಸು ಮೊಳೆ. ಪಕ್ಕದ ಕಾರಿನಲ್ಲೂ ಸುತ್ತಿಗೆ ಇತ್ತು, ಅದರ ಪಕ್ಕದ್ದರಲ್ಲೂ ಇತ್ತು. ಇಪ್ಪತ್ತು ಜನ ಸಲಕರಣೆ ಹೊತ್ತು ದಿಬ್ಬ ಹತ್ತತೊಡಗಿದರು. ಎಲಿಂಗ್ ಅವರ ಹಿಂದೆ ನಿಧಾನವಾಗಿ ಹತ್ತಿದ, ಯಾರಿಗೂ ಕಾಣದಂತೆ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾ.